ಜಾಜಿ ಎಲೆ ಊದಿದ ದಿನ

ನಾನು ಒಂದು ಬಿಲ್ಲು. ಈಗ ನನ್ನನ್ನು ನೋಡಿದರೆ ಯಾರೂ ಹಾಗೆನ್ನುವುದಿಲ್ಲ. ಬಟ್ಟೆ ಒಣಹಾಕುವ ಹಗ್ಗಕ್ಕೆ ಆನಿಸುವ ಗಳ ಎನ್ನುತ್ತಾರೆ. ಅನ್ನಲಿ ಬಿಡಿ, ಇಷ್ಟು ವಯಸ್ಸಾದ ಮೇಲೆ ಯಾರ ಹತ್ತಿರ ಜಗಳಕ್ಕೆ ಹೋಗಲಿ?

ಹುಟ್ಟಿದ್ದು ಕಾಡಿನ ನಡುವೆ ನಾಲ್ಕಾರು ಗುಡಿಸಲುಗಳಿದ್ದ ಒಂದು ಹಾಡಿಯಲ್ಲಿ. ದಡಸಲು ಮರದ ಕೊಂಬೆಯಾಗಿ ತಣ್ಣಗಿದ್ದವನನ್ನು ಬೊಳ್ಳ ಎಂಬ ಬೇಟೆಗಾರ ಕಡಿದು ತಂದ. ಒಂದು ಮಳೆಗಾಲವಿಡೀ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಸಿದ. ಅಬ್ಬಾ, ಆ ಹೊಗೆ! ಆಮೇಲೆ ಕತ್ತಿಯಿಂದ ಹೆರೆದು, ಹೊಂಗೆ ಎಣ್ಣೆ ತಿಕ್ಕಿ, ಕಡವೆಯ ನರ ಹೊಸೆದು ಹೆದೆ ಏರಿಸಿದ. ಮೊದಲ ಸಲ ಹೆದೆ ಮೀಟಿದಾಗ ನನ್ನ ಮೈಯೆಲ್ಲ ಗುಂಯ್ ಎಂದಿತು. ಆಗ ನನಗೆ ಬಂದ ಜಂಬ ಬಹಳ ದಿನ ಇಳಿಯಲಿಲ್ಲ.

ಬೊಳ್ಳನ ಹೆಂಡತಿ ಜಾಜಿ. ಬೇಟೆಗೆ ನಾವು ಮೂವರೂ ಹೋಗುತ್ತಿದ್ದೆವು. ಹಾಡಿಯ ಗಂಡಸರು, “ಏನ್ಲಾ ಬೊಳ್ಳ, ಹೆಂಡ್ರು ಸೆರಗು ಬುಟ್ರೆ ದಾರಿ ತಪ್ಪೋಯ್ತದಾ?” ಎಂದು ರೇಗಿಸುತ್ತಿದ್ದರು. ಅವರಿಗೆ ಹೊಟ್ಟೆಕಿಚ್ಚು. ಜಾಜಿಯ ಹಾಗೆ ಎಲೆ ಊದುವವರು ಆ ಸೀಮೆಯಲ್ಲೇ ಇರಲಿಲ್ಲ. ಎಳೆಯ ಎಲೆಯೊಂದನ್ನು ತುಟಿಗಳ ನಡುವೆ ಇಟ್ಟು ಊದಿದಳೆಂದರೆ ತಾಯಿಯನ್ನು ಕರೆಯುವ ಮರಿಯ ದನಿ ಹೊರಡುತ್ತಿತ್ತು. ಜಿಂಕೆಮರಿಯದು ಸಣ್ಣ, ಎಳೆದ ದನಿ. ಕಡವೆಮರಿಯದು ದಪ್ಪ. ಕಾಡುಕುರಿಯ ಮರಿ ಬಿಕ್ಕಿದ ಹಾಗೆ ಕೂಗುತ್ತದೆ. ಯಾವುದನ್ನು ಊದಿದರೆ ಅದರ ತಾಯಿಯೇ ಪೊದೆ ಸೀಳಿಕೊಂಡು ಬರುತ್ತಿತ್ತು.

ಆದರೆ ಬಂದ ತಾಯಿಗೆ ಬಾಣ ಬಿಡುವ ಹಾಗಿರಲಿಲ್ಲ. ಅದು ಹಾಡಿಯ ಕಟ್ಟಳೆ. ನನ್ನನ್ನು ಕೆಳಗಿಳಿಸಿ ಬೊಳ್ಳ, “ಕೂಸು ನಮ್ದು ಕಣವ್ವಾ, ನಿಂದಲ್ಲ, ಓಗು” ಎನ್ನುತ್ತಿದ್ದ. ಅದು ಸುತ್ತ ನೋಡಿ ಹಿಂದಿರುಗುತ್ತಿತ್ತು. ಅದರ ಹಿಂದೆ ಗಂಡು ಬಂದರೆ ಆಗ ನನಗೆ ಕೆಲಸ. ಎಷ್ಟೋ ಸಲ ಯಾವ ಗಂಡೂ ಬಾರದೆ ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆವು. ಇದೆಂಥ ಹುಚ್ಚು ಕಟ್ಟಳೆ ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ. ನನಗೇನು ಗೊತ್ತಿತ್ತು, ಮರದ ತುಂಡಿಗೆ!

ಅವರಿಗೆ ಕೆಂಪಿ ಎಂಬ ಮಗಳು. ನನ್ನ ತುದಿ ಹಿಡಿದುಕೊಂಡೇ ನಡೆಯಲು ಕಲಿತವಳು. ಒಂದು ಮಳೆಗಾಲ ಅವಳಿಗೆ ಜ್ವರ ಬಂತು. ಗಂಜಿ ಇಳಿಯಲಿಲ್ಲ, ಕುಡಿಸಿದ ಕಷಾಯವೆಲ್ಲ ಕಕ್ಕಿದಳು. ಬೊಳ್ಳನ ಅವ್ವ ಮಾರಿ, “ಕಡವೆ ಸಾರು ಕುಡುದ್ರೆ ಜೀವ ಬತ್ತದೆ ಕಣ್ಲಾ. ಓಗಿ ತನ್ನಿ, ಕೂಸ್ನ ನಾ ನೋಡ್ಕತೀನಿ” ಎಂದಳು. ಜಾಜಿ ಮಗಳ ಹಣೆ ಮುಟ್ಟಿ ನೋಡಿ, “ಈಗ್ ಬಂದ್ಬುಡ್ತೀನಿ ಕೂಸೇ” ಎಂದು ಹೇಳಿ ಹೊರಟಳು.

ಅಂದು ಜಾಜಿ ಬೆಳಗಿನಿಂದ ಎಲೆ ಊದಿದಳು. ಮಧ್ಯಾಹ್ನ ದಾಟಿದ ಮೇಲೆ ಒಂದು ಗಂಡು ಕಡವೆ ಬಂತು, ನನ್ನ ಗುರಿ ತಪ್ಪಲಿಲ್ಲ. ಮಾಂಸ ಹೊತ್ತು ಓಡೋಡಿ ಬಂದರೆ ಮಾರಿ ಗುಡಿಸಲಿನ ಬಾಗಿಲಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು. “ಅವ್ವಾ ಅವ್ವಾ ಅಂತ ಕರದು ಕರದು ಓಗ್ಬುಡ್ತು ಕಣವ್ವೋ! ನೀನ್ಯಾಕೆ ಬರ್ನಿಲ್ಲವ್ವೋ!”

ಜಾಜಿ ಅಳಲಿಲ್ಲ. ಅಂದಿನಿಂದ ಮಾತೂ ಆಡಲಿಲ್ಲ. ಮುಂದಿಟ್ಟ ಅನ್ನ ಹಾಗೇ ಇರುತ್ತಿತ್ತು. ದಿನೇ ದಿನೇ ಸವೆದು ಕಡ್ಡಿಯಾದಳು. ಇವಳೂ ಕೈಬಿಟ್ಟು ಹೋಗುತ್ತಾಳೆ ಎಂಬ ಹೆದರಿಕೆ ಬೊಳ್ಳನನ್ನು ಹಿಡಿದುಕೊಂಡಿತು. ಕಾಡಿಗೆ ಕರೆದುಕೊಂಡು ಹೋದರೆ, ಎಲೆ ಬಾಯಿಗಿಟ್ಟರೆ, ಹಳೆಯ ಜಾಜಿ ಹಿಂದಿರುಗಿ ಬರಬಹುದು ಎಂದುಕೊಂಡ. ಮಗು ಸತ್ತ ಮನೆಯವಳು ಸೂತಕ ಕಳೆಯದೆ ಎಲೆ ಊದಬಾರದು. ಅದನ್ನೂ ಬದಿಗಿಟ್ಟ.

“ಒಂದ್ಸಲ ಊದು ಜಾಜಿ. ನಂಗೋಸ್ಕರ” ಎಂದು ಅವಳ ಕೈಗೆ ಎಲೆ ಕೊಟ್ಟ.

ಅವಳು ಊದಿದಳು. ಅದು ಜಿಂಕೆಮರಿಯ ದನಿಯಲ್ಲ, ಕಡವೆಯದೂ ಅಲ್ಲ. ಆ ದನಿ ನನಗೆ ಗೊತ್ತಿತ್ತು. ಜ್ವರದಲ್ಲಿ ಕೆಂಪಿ ನರಳುತ್ತಿದ್ದ ದನಿ ಅದು. ಬೊಳ್ಳನಿಗೂ ಗೊತ್ತಾಯಿತು. ಮೊದಲು ಒಂದು ಜಿಂಕೆ ಬಂತು. ಆಮೇಲೆ ಎತ್ತರದ ಒಂದು ಹೆಣ್ಣು ಕಡವೆ. ಯಾರ ಕಣ್ಣಿಗೂ ಬೀಳದೆ ತಲೆಮರೆಸಿಕೊಂಡು ಓಡಾಡುವ ಕಾಡುಕುರಿಯೂ ಬಂತು. ಒಂದರ ಪಕ್ಕ ಒಂದು ಹಾಗೆ ನಿಂತಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಎಲ್ಲವೂ ತಾಯಂದಿರು. ಜಾಜಿಯನ್ನೇ ನೋಡುತ್ತ ನಿಂತಿದ್ದವು, ಒಂದೂ ಓಡಲಿಲ್ಲ.

ಹಿಂದೆ ಯಾವ ಗಂಡೂ ಇರಲಿಲ್ಲ. ಬೊಳ್ಳ ಒಮ್ಮೆ ಹೆಂಡತಿಯ ಕಡೆ ನೋಡಿದ, ಅವಳ ಕತ್ತಿನ ಮೂಳೆಗಳನ್ನು ನೋಡಿದ. ಆಗತಾನೆ ಕೊಂದ ಪ್ರಾಣಿಯ ಬಿಸಿ ಈಲಿಮಾಂಸ ತಿಂದರೆ ಬದುಕುತ್ತಾಳೆ ಎಂದು ಮಾರಿ ಹೇಳಿದ್ದಳು. ನನ್ನನ್ನು ಎಳೆದ. ಬೇಡವೋ ಬೊಳ್ಳ, ಬೇಡವೋ ಎಂದು ನಾನು ಕೂಗಿಕೊಂಡೆ. ಬಿಲ್ಲಿನ ಮಾತು ಯಾರಿಗೆ ಕೇಳುತ್ತದೆ? ಬಾಣ ಹೋಯಿತು, ಜಿಂಕೆ ಬಿತ್ತು.

ಅದರ ಕೆಚ್ಚಲಿನಿಂದ ಹಾಲು ಸೋರುತ್ತಿತ್ತು. ಜಾಜಿ ಎದ್ದು ಹೋಗಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಗ ಅವಳ ಬಾಯಿಂದ ಮಾತು ಬಂತು.

“ಇವ್ಳು ಬಂದ್ಲಲ್ಲೋ ಬೊಳ್ಳ! ಯಾರ್ದೋ ಕೂಸು ಕರದ್ರೆ ಇವ್ಳು ಬಂದ್ಲಲ್ಲೋ! ನನ್ ಕೂಸು ಕರೀವಾಗ ನಾ ಓಗ್ನಿಲ್ವಲ್ಲೋ!”

ಅವಳು ಅತ್ತಳು. ಇಷ್ಟು ದಿನ ತಡೆದದ್ದೆಲ್ಲ ಅಂದೇ ಅತ್ತಳು. ಬೊಳ್ಳ ಪಕ್ಕದಲ್ಲಿ ಕುಸಿದು, “ನಾ ಪಾಪಿ ಕಣೇ” ಎಂದು ತಲೆ ಚಚ್ಚಿಕೊಂಡ. ಅಷ್ಟರಲ್ಲಿ ಪೊದೆಯ ಆಚೆ ಒಂದು ಮರಿ ಕೂಗಿತು. ಸಣ್ಣ, ಎಳೆದ ದನಿ. ಈ ಸಲ ಅದು ಎಲೆಯಲ್ಲ. ಜಾಜಿ ಮುಳ್ಳೆನ್ನದೆ ಕಲ್ಲೆನ್ನದೆ ಹುಡುಕಿಕೊಂಡು ಓಡಿದಳು. ಅವಳು ಹತ್ತಿರ ಹೋದಷ್ಟೂ ಅದು ಹೆದರಿ ದೂರ ಓಡಿತು. ಸಂಜೆಯಾಗುವವರೆಗೂ ಕೂಗುತ್ತಲೇ ಇತ್ತು, ಕೈಗೆ ಮಾತ್ರ ಸಿಗಲಿಲ್ಲ.

ಆ ಜಿಂಕೆಯನ್ನು ಅವರು ತಿನ್ನಲಿಲ್ಲ. ಮನುಷ್ಯರನ್ನು ಹೂಳುವ ಹಾಗೆ ಗುಂಡಿ ತೋಡಿ ಹೂತರು. ಬೊಳ್ಳ ನನ್ನ ಹೆದೆ ಕತ್ತರಿಸಿ ಅದರ ಜೊತೆಗೇ ಹಾಕಿ ಮಣ್ಣು ಮುಚ್ಚಿದ. ನನಗೆ ಬೇಸರವಾಗಲಿಲ್ಲ. ನನಗೆ ಹೆದೆಯಾದ ಆ ಕಡವೆಗೂ ಒಂದು ಮರಿ ಇತ್ತೇನೋ ಎಂದು ಆಗ ಮೊದಲ ಸಲ ಅನ್ನಿಸಿತು.

ಜಾಜಿ ಬದುಕಿದಳು. ಮತ್ತೆ ಮಕ್ಕಳಾಗಲಿಲ್ಲ, ಮತ್ತೆ ಎಲೆ ಮುಟ್ಟಲಿಲ್ಲ. ಮಾರಿ ತೀರಿಕೊಂಡಳು. ಸರ್ಕಾರದವರು ಹಾಡಿಯನ್ನೇ ಕಾಡಿನಿಂದ ಎಬ್ಬಿಸಿ ರಸ್ತೆ ಪಕ್ಕದ ಕಾಲೋನಿಗೆ ತಂದರು. ಸಾಮಾನು ಹೊರುವಾಗ ಬೊಳ್ಳ ನನ್ನನ್ನು ಬಿಟ್ಟು ಬರಲು ಹೊರಟಿದ್ದ. ಜಾಜಿಯೇ, “ಕೂಸು ಹಿಡ್ದಿದ್ದ ಕೋಲು ಅದು, ಇರ್ಲಿ” ಎಂದು ಎತ್ತಿಕೊಂಡಳು. ಹೆದೆಯಿಲ್ಲದೆ ನನ್ನ ಬೆನ್ನು ನೆಟ್ಟಗಾಗಿತ್ತು. ವರ್ಷಗಟ್ಟಲೆ ಅವಳ ಒದ್ದೆ ಸೀರೆಗಳ ಭಾರ ಹೊತ್ತೆ. ಬಟ್ಟೆ ಹರವುವಾಗ ಅವಳು ನನ್ನ ತುದಿಯನ್ನು ಒಮ್ಮೆ ಸವರುತ್ತಿದ್ದಳು, ಕೆಂಪಿ ಹಿಡಿಯುತ್ತಿದ್ದ ತುದಿಯನ್ನು.

ಕಳೆದ ಬೇಸಿಗೆಯಲ್ಲಿ ಜಾಜಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ, “ಎಲೆ ಊದೋ” ಎಂದಳು. ಬೊಳ್ಳನಿಗೆ ಎಲೆ ಊದಲು ಎಂದೂ ಬಂದಿರಲಿಲ್ಲ. ಆದರೂ ಅಂಗಳಕ್ಕೆ ಓಡಿ ಒಂದು ಎಲೆ ಕಿತ್ತು ತಂದ. ಹಲ್ಲಿಲ್ಲದ ಬಾಯಿಗಿಟ್ಟು ಊದಿದ. ಬರೀ ಗಾಳಿ ಹೊರಟಿತು. ಅಳುತ್ತಲೇ ಮತ್ತೆ ಊದಿದ. ಮತ್ತೆ ಗಾಳಿ.

ಜಾಜಿ ಮಾತ್ರ ಕಣ್ಣು ಬಿಟ್ಟಳು. ಬಾಗಿಲ ಕಡೆಗೆ ಎರಡೂ ಕೈ ಚಾಚಿದಳು.

“ಬಂದೆ ಕೂಸೇ” ಎಂದಳು. “ಬಂದೆ, ಬಂದೆ.”

ಈಗ ಒಣಹಾಕಲು ಸೀರೆಗಳಿಲ್ಲ. ಬೊಳ್ಳ ನನ್ನನ್ನು ಒಳಗೆ ತಂದು ಮೂಲೆಯಲ್ಲಿ ನಿಲ್ಲಿಸಿದ್ದಾನೆ. ನನ್ನ ಮೈಗೆ ಗೆದ್ದಲು ಹತ್ತಿದೆ, ಹತ್ತಲಿ. ಸಂಜೆಯ ಹೊತ್ತು ಅವನು ಹೊಸಿಲ ಮೇಲೆ ಕೂತು ಎಲೆ ಊದುತ್ತಾನೆ. ಇನ್ನೂ ದನಿ ಹೊರಟಿಲ್ಲ.