ಕಾಲು ನೀಡಿ ಮಲಗುವ ಗಾಡಿ

ತಳಿ ಎಂಬ ಊರಿನ ಶ್ಯಾಮಣ್ಣನವರು ಕಾರು ಕೊಂಡದ್ದು ಅದರ ಹಾರ್ನಿನ ದನಿಗೆ ಮರುಳಾಗಿ. ಇದನ್ನು ಅವರೇ ನಗುನಗುತ್ತ ಹೇಳಿಕೊಳ್ಳುತ್ತಿದ್ದರು. ಡೆಂಕಣಿಕೋಟೆಯ ವಕೀಲರೊಬ್ಬರು ಕೊಂಡದ್ದು ಶ್ಯಾಮಣ್ಣನವರು ಕೊಂಡರಲ್ಲ ಎಂಬ ಒಂದೇ ಕಾರಣಕ್ಕೆ. ಹೊಸೂರಿನ ಕಂಟ್ರಾಕ್ಟರೊಬ್ಬರು ಚೆನ್ನಾಗಿ ಓಡುತ್ತಿದ್ದ ಕಪ್ಪು ಕಾರನ್ನು ಮಾರಿ ಹಸಿರು ಕಾರು ತಂದದ್ದು ಜೋಯಿಸರ ಮಾತಿನಿಂದ. ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಕಾರುಗಳು ಬೆರಳೆಣಿಕೆ. ಒಂದೊಂದಕ್ಕೂ ಒಂದೊಂದು ಕಾರಣ, ಆ ಕಾರಣ ಊರಿಗೆಲ್ಲ ಗೊತ್ತು. ಜವಳಗಿರಿಯಾಚೆ ಕಾಡಂಚಿನ ಕರಡಿಗುಟ್ಟೆಯ ರೈತ ವೆಂಕಟರಮಣಪ್ಪ ಗಾಡಿ ಕೊಳ್ಳಲು ಹೊರಟಾಗ ಮಾತ್ರ ಯಾಕೆಂದು ಯಾರೂ ಕೇಳಲಿಲ್ಲ. ಕೇಳಲು ಬಾಯಿ ಬರಲಿಲ್ಲ.

ಹಿಂದಿನ ವರ್ಷ, ಯುದ್ಧ ಮುಗಿಯುತ್ತ ಬಂದಿದ್ದಾಗ, ಅವನ ಹಿರಿಯ ಮಗಳು ಮುನಿರತ್ನಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬೇನೆ ಬಂದು ಎರಡು ದಿನವಾದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ತಳಿಗೆ ಆಳು ಓಡಿದ. ಶ್ಯಾಮಣ್ಣನವರು ಒಳ್ಳೆಯವರು, ಕೂಪನ್ನಿನ ಪೆಟ್ರೋಲನ್ನು ತುಪ್ಪದಂತೆ ಕಾಪಾಡಿಕೊಳ್ಳುವ ಕಾಲದಲ್ಲಿ ಹೊಸೂರಿನ ಆಸ್ಪತ್ರೆಗೆ ಒಯ್ಯಲು ಎರಡು ಮಾತಾಡದೆ ಕಾರು ಕಳಿಸಿದರು. ಮೆತ್ತನೆಯ ಸೀಟು, ಆಮೆಯ ಬೆನ್ನಿನಂತೆ ಬಾಗಿದ ಹಿಂಭಾಗ. ಅದರ ಕಿರಿದಾದ ಬಾಗಿಲಿನಲ್ಲಿ ಹುಡುಗಿಯನ್ನು ಮಲಗಿಸಿದಂತೆಯೇ ಒಳಗಿಡಲು ಆಗಲಿಲ್ಲ. ಮಂಡಿ ಮಡಿಸಿ, ತಾಯಿ ಪಾಪಮ್ಮನ ಹೆಗಲಿಗೆ ಒರಗಿಸಿ ಕೂರಿಸಿದರು. ದಾರಿಯಲ್ಲಿ ಅವಳು, "ಅಪ್ಪಾ, ಒಂದ್ ಗಳಿಗೆ ಕಾಲು ನೀಡುಸ್ರಪ್ಪಾ" ಎಂದು ಎರಡು ಸಲ ಕೇಳಿದಳು. ಮುಂದೆ ಕೂತಿದ್ದ ವೆಂಕಟರಮಣಪ್ಪ, "ತಳಿ ಬಂತು ಮಗಳೇ" ಎಂದ. ತಳಿಗೆ ಇನ್ನೂ ಎರಡು ಮೈಲಿ ಇತ್ತು. ಮೂರನೆಯ ಸಲ ಅವಳು ಕೇಳಲಿಲ್ಲ.

ಕೊಟ್ಟವನೇ ಕರೆದುಕೊಂಡ ಎಂದು ಹಿರಿಯರು ಸಮಾಧಾನ ಹೇಳಿದರು. ವೆಂಕಟರಮಣಪ್ಪ ತಲೆಯಾಡಿಸಿದ. ಹಣೆಯ ನಾಮ ಬಿಡಲಿಲ್ಲ, ಶನಿವಾರದ ಒಪ್ಪೊತ್ತು ಬಿಡಲಿಲ್ಲ. ಆದರೆ ದೇವರ ಸಂಕಲ್ಪ ಬೇರೆ, ಕಾರಿನ ಬಾಗಿಲ ಅಗಲ ಬೇರೆ ಎಂಬ ಒಂದು ಮಾತು ಅವನ ಎದೆಯಲ್ಲಿ ಕಲ್ಲಿನಂತೆ ಕೂತುಬಿಟ್ಟಿತು. ಮೊದಲನೆಯದಕ್ಕೆ ಅವನು ಕೈಮುಗಿಯಬಲ್ಲವನಾಗಿದ್ದ. ಎರಡನೆಯದಕ್ಕೆ ಕೈಮುಗಿಯಲು ಒಪ್ಪಲಿಲ್ಲ.

ಈಗ ಕಿರಿಯ ಮಗಳು ಗೋವಿಂದಮ್ಮನಿಗೆ ಆರು ತಿಂಗಳು ತುಂಬಿತ್ತು. ಅವಳನ್ನು ಕೊಟ್ಟಿದ್ದುದು ಸೂಳಗಿರಿಗೆ. ಅಳಿಯ ಮುನಿಕೃಷ್ಣಪ್ಪ ಮೆತ್ತಗಿನ ಆಳು. ಮನೆಯ ಯಜಮಾನಿಕೆಯೆಲ್ಲ ಅವನ ವಿಧವೆ ತಾಯಿ ಬೈರಮ್ಮನದು. ಚೊಚ್ಚಲು ಹೆರಿಗೆ ತವರಿನ ಹಕ್ಕು, ಅದನ್ನು ಯಾವ ಬೀಗರೂ ತಡೆಯುವುದಿಲ್ಲ. ಬೈರಮ್ಮ ತಡೆದಳು. "ಒಬ್ಬ ಮಗಳು ಎದ್ದುಬರದ ಮನೆಗೆ ನನ್ ಸೊಸೇನ ಕಳ್ಸಾಕಿಲ್ಲ" ಎಂದು ಹೇಳಿಕಳಿಸಿದಳು. ಆ ಮಾತು ಕೇಳಿದ ದಿನ ಪಾಪಮ್ಮ ಮುದ್ದೆ ಮುಟ್ಟಲಿಲ್ಲ.

"ಏಳೇ, ಉಣ್ಣು. ಗಾಡಿ ತತ್ತೀನಿ. ಕಾಲು ನೀಡಿ ಮಲಗೋ ಅಂತಾ ಗಾಡಿ. ಅದ್ರಾಗೆ ಮಗಳನ್ನ ಮನೇಗೆ ಕರ್ಕಂಬತ್ತೀನಿ. ಹೊತ್ತು ಬಂದ್ರೆ ಅದ್ರಾಗೇ ಆಸ್ಪತ್ರೆಗೂ ಒಯ್ತೀನಿ" ಎಂದ ವೆಂಕಟರಮಣಪ್ಪ.

ಹುಣಸೆ ತೋಪು ಮಾರಿದ. ಪಾಪಮ್ಮನ ತಮ್ಮ ಚಿನ್ನಪ್ಪ ಯುದ್ಧದಲ್ಲಿ ಡ್ರೈವರಾಗಿದ್ದು ಬರ್ಮಾ ಕಡೆಯಿಂದ ಜೀವಸಹಿತ ಹಿಂತಿರುಗಿದ್ದವನು. ಅವನನ್ನು ಜೊತೆಗೆ ಕರೆದುಕೊಂಡು, ಒಂದು ಚಾಪೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋದ. ಯುದ್ಧದಿಂದ ಉಳಿದ ಗಾಡಿಗಳನ್ನೂ ದೊರೆಗಳು ಬಿಟ್ಟುಹೋದ ಕಾರುಗಳನ್ನೂ ಅಲ್ಲೊಂದು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ ಮಾರುತ್ತಿದ್ದರು. ದಲ್ಲಾಳಿ ತಮಿಳಿನವನು, ಬಾಯಲ್ಲಿ ಎಲೆಯಡಿಕೆ.

"ಪೆರಿಯವರೇ, ಇದ್ನ ನೋಡಿ. ಕರ್ನಲ್ ದೊರೆ ಓಡಾಡಿದ್ದು. ಇದ್ರಲ್ಲಿ ನೀವು ಊರಿಗೋದ್ರೆ ಪಟೇಲ ಎದ್ದು ನಿಲ್ತಾನೆ."

ವೆಂಕಟರಮಣಪ್ಪ ಬಾಗಿಲು ತೆಗೆದು, ಒಳಗೆ ಚಾಪೆ ಹಾಸಿ, ಅದರ ಮೇಲೆ ಮಲಗಿದ. ಮೊಣಕಾಲಿನಿಂದ ಕೆಳಗಿನ ಕಾಲು ಹೊರಗೇ ಉಳಿಯಿತು. ಎದ್ದು ಚಾಪೆ ಸುತ್ತಿ ಮುಂದಿನ ಕಾರಿಗೆ ಹೋದ. ಅದರಲ್ಲೂ ಮಲಗಿದ. ಹೀಗೆ ಐದು ಕಾರುಗಳಲ್ಲಿ ಮಲಗಿ ಎದ್ದ. ಬಯಲಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡತೊಡಗಿದರು.

"ಕಾರು ಅಂದ್ರೆ ಕೂತು ನೋಡೋದು ಪೆರಿಯವರೇ. ಮಲಗೋಕೆ ಮಂಚ ಕೊಂಡ್ಕೊಳ್ಳಿ, ಅಗ್ಗ ಆಗ್ತದೆ" ಎಂದ ದಲ್ಲಾಳಿ.

"ಬಾವ, ನೀನು ಮಲಗಿದ್ದು ಸಾಕು. ಅಗಾ, ಅಲ್ಲಿ ನೋಡು" ಎಂದು ಚಿನ್ನಪ್ಪ ಬಯಲಿನ ಕೊನೆಗೆ ಕೈತೋರಿಸಿದ. ಅಲ್ಲಿ ಪೆಟ್ಟಿಗೆಯಂತಹ ಒಂದು ಹಸಿರು ಗಾಡಿ ನಿಂತಿತ್ತು. ಗಾಯಾಳುಗಳನ್ನು ಸಾಗಿಸುತ್ತಿದ್ದ ಮಿಲಿಟರಿ ಆಂಬುಲೆನ್ಸ್. ಬದಿಯ ಕೆಂಪು ಗುರುತಿನ ಮೇಲೆ ಹೊಸ ಬಣ್ಣ ಬಳಿದಿದ್ದರು. ಹಿಂದೆ ಎರಡು ಅಗಲವಾದ ಬಾಗಿಲು. ವೆಂಕಟರಮಣಪ್ಪ ಒಳಗೆ ಹೋಗಿ ಮಲಗಿದ. ಕಾಲು ನೀಡಿದ. ನೀಡಿದ ಮೇಲೂ ಅಂಗಾಲಿನಾಚೆ ಒಂದು ಗೇಣು ಜಾಗ ಉಳಿದಿತ್ತು. ಎಷ್ಟು ಹೊತ್ತಾದರೂ ಅವನು ಏಳದ್ದರಿಂದ ಚಿನ್ನಪ್ಪ ಒಳಗೆ ಇಣುಕಿದ. ಭಾವ ಕಣ್ಣು ಮುಚ್ಚಿ ಮಲಗಿದ್ದ. ಕಿವಿಯ ಕಡೆಗೆ ನೀರು ಇಳಿಯುತ್ತಿತ್ತು. ಚಿನ್ನಪ್ಪ ಹಿಂದಕ್ಕೆ ಸರಿದು ದಲ್ಲಾಳಿಯ ಹತ್ತಿರ ಹೋದ.

ಊರಿಗೆ ಬಂದಾಗ ಅರಳಿಕಟ್ಟೆಯ ಮೇಲೆ ಕೂತಿದ್ದ ಸೊಣ್ಣಪ್ಪ, "ಇದ್ಯಾತಕ್ಕೆ ತಂದ್ಯೋ ಎಂಕಟರಮಣ, ಮದುವೇಗಾ ಮಸಣಕ್ಕಾ?" ಎಂದ. "ಎಲ್ಡಕ್ಕೂ ಅಲ್ಲ" ಎಂದು ವೆಂಕಟರಮಣಪ್ಪ ಗಾಡಿಗೆ ಅರಿಶಿನದ ನೀರು ಚಿಮುಕಿಸಿ, ಪೂಜಾರಿಯಿಂದ ಆರತಿ ಎತ್ತಿಸಿ, ಚಕ್ರಕ್ಕೆ ನಿಂಬೆಹಣ್ಣು ಇಡಿಸಿದ.

ಬುಧವಾರ ಸೂಳಗಿರಿಗೆ ಹೊರಟರು. ಬಸುರಿ ಮಗಳನ್ನು ಕರೆತರಲು ಮುತ್ತೈದೆಯರು ಮಡಿಲಕ್ಕಿ, ಹೂವು, ಬಳೆ ಹಿಡಿದು ಹೋಗುವುದು ಪದ್ಧತಿ. ಪಾಪಮ್ಮ ತಾನೂ ಹೊರಟು ನಿಂತಳು. "ಮಲಗೋ ಜಾಗದಾಗೆ ಜನ ತುಂಬಿದ್ರೆ ಅವ್ಳು ಮಲಗೋದೆಲ್ಲಿ?" ಎಂದು ವೆಂಕಟರಮಣಪ್ಪ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಒಳಗೆ ಹಾಸಿಗೆ ಹಾಸಿ, ಮೇಲೆ ಒಗೆದ ಬಿಳಿ ದುಪ್ಪಟಿ ಹೊದಿಸಿ, ಮಡಿಲಕ್ಕಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತ.

ಬೀಗರ ಬಾಗಿಲಿಗೆ ಬಂದಾಗ ಚಿನ್ನಪ್ಪ ಯುದ್ಧದಲ್ಲಿ ಕಲಿತ ವಿದ್ಯೆ ತೋರಿಸಿದ. ಗಾಡಿಯನ್ನು ತಿರುಗಿಸಿ, ಹಿಮ್ಮುಖವಾಗಿ ಹೊಸ್ತಿಲಿನವರೆಗೂ ತಂದು ನಿಲ್ಲಿಸಿ, ಕೆಳಗೆ ಹಾರಿ, ಹಿಂದಿನ ಬಾಗಿಲೆರಡನ್ನೂ ಹಾರುಹೊಡೆದ. ಮಲಗಿದವರನ್ನು ಹತ್ತಿಸಲು ಅದೇ ಸಲೀಸು. ಆದರೆ ನಮ್ಮ ಕಡೆ ಗಾಡಿಯ ಹಿಂಭಾಗವನ್ನು ಹೊಸ್ತಿಲಿಗೆ ಕೊಟ್ಟು ನಿಲ್ಲಿಸುವುದು ಒಂದೇ ಹೊತ್ತಿನಲ್ಲಿ, ಪರಸ್ಥಳದಲ್ಲಿ ಸತ್ತವರನ್ನು ಮನೆಗೆ ತಂದಾಗ. ಜಗಲಿಯ ಮೇಲೆ ರಾಗಿ ಕೇರುತ್ತಿದ್ದ ಬೈರಮ್ಮ ತೆರೆದ ಬಾಗಿಲನ್ನು ನೋಡಿದಳು, ಒಳಗಿನ ಬಿಳಿ ದುಪ್ಪಟಿ ನೋಡಿದಳು, ತಲೆ ತಗ್ಗಿಸಿ ಇಳಿಯುತ್ತಿದ್ದ ಬೀಗನನ್ನು ನೋಡಿದಳು. ಅವಳ ಮಗ ಮುಂಜಾನೆ ಕೃಷ್ಣಗಿರಿ ಸಂತೆಗೆ ಹೋಗಿದ್ದ. ಮೊರ ಕೈಜಾರಿತು.

"ಅಯ್ಯೋ ನನ್ ಮಗನೇ" ಎಂದು ಅವಳು ಎದೆ ಬಡಿದುಕೊಂಡಾಗ ಬೀದಿಯೆಲ್ಲ ಓಡಿಬಂತು. ಒಳಗಿನಿಂದ ಬಂದ ಗೋವಿಂದಮ್ಮ ಕಂಬ ಹಿಡಿದು ಹಾಗೆಯೇ ಕುಸಿದಳು. ಚಿನ್ನಪ್ಪ ಬೆಪ್ಪಾಗಿ ನಿಂತ. ವೆಂಕಟರಮಣಪ್ಪನಿಗೆ ಅರ್ಥವಾಯಿತು. ಎರಡು ಕೈಯನ್ನೂ ಮೇಲೆತ್ತಿ, "ಯಾರೂ ಇಲ್ಲ ಅಕ್ಕಯ್ಯ, ಖಾಲಿ ಗಾಡಿ, ಆಣೆಗೂ ಖಾಲಿ ಗಾಡಿ" ಎಂದು ಕೂಗುತ್ತ ಹೋದ. ಬೈರಮ್ಮ ನಂಬಲಿಲ್ಲ. ತಾನೇ ಬಂದು ದುಪ್ಪಟಿ ಎಳೆದು, ಹಾಸಿಗೆ ಮುಟ್ಟಿ ನೋಡಿ, ಮೆಟ್ಟಿಲ ಮೇಲೆ ಕೂತಳು. ಉಸಿರು ಹದಕ್ಕೆ ಬಂದ ಮೇಲೆ ಮೆಲ್ಲಗೆ ಮಾತಾಡಿದಳು. ಆ ಮೆಲುದನಿ ಅಳುವಿಗಿಂತ ಕಡುವಾಗಿತ್ತು.

"ಬೀಗ್ರೇ, ಹೆಂಗಸ್ರಿಲ್ಲ, ಹೂವಿಲ್ಲ. ಹೆಣ ಇಳ್ಸೋರಂಗೆ ಬಂದು ನಿಂತ್ರಲ್ಲ."

"ತಪ್ಪಾಯ್ತು ಅಕ್ಕಯ್ಯ."

"ತಪ್ಪಾಯ್ತು ಅಂದ್ರೆ ಆಯ್ತಾ? ಗಾಡಿ ತಿರುಗ್ಸಿ. ಬಂದ ದಾರಿ ಹಿಡೀರಿ."

ಚಿನ್ನಪ್ಪ ಗಾಡಿ ತಿರುಗಿಸಿ ಬೀದಿಯ ಆಚೆ ಬದಿಗೆ ನಿಲ್ಲಿಸಿದ. ವೆಂಕಟರಮಣಪ್ಪ ಹತ್ತಲಿಲ್ಲ. ಮಡಿಲಕ್ಕಿಯ ಗಂಟನ್ನು ಮುಂದಿಟ್ಟುಕೊಂಡು ಬಿಸಿಲಿನಲ್ಲೇ ನೆಲದ ಮೇಲೆ ಕೂತ. "ನಾನು ಮಾತಾಡ್ಬೇಕು. ಮಾತಾಡಿಸ್ದೆ ಎದ್ದೋಗಾಕಿಲ್ಲ" ಎಂದ.

"ಕೂತ್ಕಳಿ. ಬಿಸ್ಲು ಯಾರಪ್ಪಂದು" ಎಂದು ಬೈರಮ್ಮ ಒಳಗೆ ಹೋದಳು.

ನೆತ್ತಿಯ ಮೇಲಿದ್ದ ಸೂರ್ಯ ಮಾಡಿನಾಚೆ ಇಳಿದ. ಗೋವಿಂದಮ್ಮ ಚೊಂಬಿನಲ್ಲಿ ನೀರು ತಂದಿಟ್ಟು, "ಅಪ್ಪಾ, ನೆಳ್ಳಿಗಾದ್ರೂ ಬಾಪ್ಪಾ" ಎಂದಳು. ಅವನು ನೀರು ಕುಡಿದ, ನೆರಳಿಗೆ ಹೋಗಲಿಲ್ಲ. ಬಾಯೊಳಗೇ ಗೋವಿಂದನ ನಾಮ ನಡೆದಿತ್ತು. ಕೊನೆಗೆ ಬೈರಮ್ಮನೇ ಹೊರಗೆ ಬಂದು ಜಗಲಿಯ ಅಂಚಿಗೆ ಕೂತಳು.

"ನಿಜ ಹೇಳಿ. ಆ ಗಾಡಿಯಾಗೆ ಯಾರಾದ್ರೂ ಸತ್ತವ್ರಾ?"

"ಮಾರ್ದೋನು ಇಲ್ಲ ಅಂದ. ನಾನು ನಂಬ್ಲಿಲ್ಲ. ಸತ್ತಿರ್ಬೋದು."

ಚಿನ್ನಪ್ಪ ನಡುವೆ ಬಂದ. "ಅಕ್ಕಾ, ನಾನು ಇಂತಾವೇ ಗಾಡಿ ಎಲ್ಡು ವರ್ಸ ಓಡ್ಸಿದ್ದೀನಿ. ಸತ್ತೋರೂ ಅವ್ರೆ. ಇದು ಇಲ್ದೇ ಇದ್ದಿದ್ರೆ ಸಾಯ್ತಿದ್ದೋರು ಅದಕ್ಕಿಂತ ಹೆಚ್ಚು ಜನ ಉಳ್ಕಂಡವ್ರೆ. ಅವ್ರನ್ನೂ ಎಣಿಸ್ಬೇಕಲ್ಲ."

ಬೈರಮ್ಮ ಅವನ ಕಡೆ ತಿರುಗಲಿಲ್ಲ. "ಊರಾಗೆ ಬ್ಯಾರೆ ಗಾಡಿ ಇರ್ಲಿಲ್ವಾ ಬೀಗ್ರೇ? ನಾಕು ಜನ ನೋಡಿ ಮೆಚ್ಚೋ ಅಂತಾದ್ದು?"

ಆಗ ವೆಂಕಟರಮಣಪ್ಪ ಇದುವರೆಗೆ ಯಾರಿಗೂ ಹೇಳದೆ ಇದ್ದುದನ್ನು ಹೇಳಿದ. ನಾಲ್ಕು ಜನ ಮೆಚ್ಚುವ ಕಾರಿನಲ್ಲೇ ಹಿರಿಯಳನ್ನು ಒಯ್ದದ್ದು, ಅವಳು ಕಾಲು ನೀಡಿಸಿರೆಂದು ಕೇಳಿದ್ದು, ತಾನು ತಳಿ ಬಂತು ಎಂದದ್ದು. "ಬಂದಿರ್ಲಿಲ್ಲ ಅಕ್ಕಯ್ಯ. ನಾನು ಸುಳ್ಳು ಹೇಳ್ದೆ. ಗಾಡಿ ನಿಲ್ಸಿ ಅವ್ಳನ್ನ ರಸ್ತೆ ಮ್ಯಾಲಾದ್ರೂ ಮಲಗಿಸ್ಬೋದಾಗಿತ್ತು. ನಂಗೆ ಹೊಳೀಲಿಲ್ಲ. ಉಳೀತಿದ್ಲೋ ಇಲ್ವೋ ಸ್ವಾಮಿಗೆ ಗೊತ್ತು. ಕಾಲು ನೀಡಿ ಹೋಗ್ತಿದ್ಲು. ಅಷ್ಟಾದ್ರೂ ಆಗ್ತಿತ್ತು."

ಬೀದಿಯಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಸರಿದುಹೋದರು. ಬೈರಮ್ಮ ಎದ್ದು ನೇರವಾಗಿ ಗಾಡಿಯ ಬಳಿ ಹೋಗಿ, ಹಿಂದಿನ ಬಾಗಿಲಿನಿಂದ ಹತ್ತಿ, ಆ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿದಳು.

"ಓಡ್ಸಲಾ ಚಿನ್ನಪ್ಪ. ಕೆರೆ ಏರಿ ದಾಟಿ ಕಲ್ಲು ದಾರೀಲಿ ಹೋಗಿ ಬಾ. ನಿಧಾನ ಮಾಡ್ಬ್ಯಾಡ. ಬೇನೆ ಬಂದಾಗ ಹೆಂಗೆ ಓಡಿಸ್ತೀಯೋ ಅಂಗೇ ಓಡ್ಸು."

ಗಾಡಿ ಹೋಗಿ ಬರುವವರೆಗೂ ವೆಂಕಟರಮಣಪ್ಪ ನಿಂತೇ ಇದ್ದ. ಬೈರಮ್ಮ ಇಳಿದು ಸೀರೆ ಸರಿಮಾಡಿಕೊಂಡಳು.

"ತಲೆದಿಂಬು ಸಾಲದು. ಇನ್ನೊಂದು ಇಡ್ಬೇಕು. ಸೊಂಟ ನೋಯ್ಲಿಲ್ಲ. ಗಾಡಿ ಚೆನ್ನಾಗೈತೆ ಬೀಗ್ರೇ."

"ಹಂಗಾದ್ರೆ ಮಗಳನ್ನ ಕಳಿಸ್ತೀರಾ?"

"ಇಲ್ಲ. ಗಾಡಿ ಇಲ್ಲಿರ್ಲಿ, ಸೊಸೇನೂ ಇಲ್ಲಿರ್ಲಿ."

"ಅದೆಂಗಾಯ್ತದೆ? ಚೊಚ್ಚಲು ತವರಿಂದು."

"ನಿಮ್ಮೂರಿಂದ ಹೊಸೂರಿಗೆ ಎಷ್ಟು ಮೈಲಿ?"

"ಇಪ್ಪತ್ತೈದು."

"ಕಾಡು ದಾರೀಲಿ ಆನೆ ಅಡ್ಡ ನಿಂತ್ರೆ ಗಾಡಿ ಏನ್ಮಾಡ್ತದೆ?"

ವೆಂಕಟರಮಣಪ್ಪ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ.

"ಇಲ್ಲಿ ಬೀದಿ ದಾಟಿದ್ರೆ ದೊಡ್ಡ ರಸ್ತೆ. ಈ ಕಡೆ ಹೊಸೂರು, ಆ ಕಡೆ ಕೃಷ್ಣಗಿರಿ. ಎಲ್ಡೂ ಕಡೆ ಆಸ್ಪತ್ರೆ. ಈಗ ನೀವೇ ಹೇಳಿ ಬೀಗ್ರೇ. ಗಾಡಿ ತಂದಿದ್ದು ಮಗಳನ್ನ ಮನೇಗೆ ಕರ್ಕಂಡೋಗಾಕಾ, ಮಗಳು ಉಳೀಲಿ ಅಂತಾನಾ?"

ಆ ಹೊತ್ತಿನವರೆಗೂ ಅವನಿಗೆ ಅವೆರಡೂ ಒಂದೇ ಆಗಿದ್ದವು. ಮಗಳು ತನ್ನ ಮನೆಯಲ್ಲಿ ಹೆತ್ತು, ಮಗುವನ್ನೆತ್ತಿಕೊಂಡು ತನ್ನ ಹೊಸ್ತಿಲು ದಾಟಿ ಹೋಗಬೇಕು. ಹಾಗಾದರೆ ಮನೆಗೆ ತಗುಲಿದ ಅಪವಾದ ಕಳೆಯುತ್ತದೆ, ಪಾಪಮ್ಮ ತಲೆಯೆತ್ತುತ್ತಾಳೆ ಎಂದು ಅವನು ಲೆಕ್ಕ ಹಾಕಿದ್ದ. ಈಗ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದ. ಕಂಬದ ಬಳಿ ನಿಂತಿದ್ದ ಗೋವಿಂದಮ್ಮನನ್ನು ನೋಡಿದ.

"ಗಾಡಿ ಇಲ್ಲೇ ಇರ್ಲಿ" ಎಂದ. "ಇವತ್ತಿಂದ ಅದು ಈ ಬಾಗ್ಲು ಬಿಟ್ಟು ಅಲ್ಲಾಡಬಾರ್ದು. ಚಿನ್ನಪ್ಪನೂ ಇಲ್ಲೇ ಇರ್ತಾನೆ. ಆದ್ರೆ ಅಕ್ಕಯ್ಯ, ಪಾಪಮ್ಮನ್ನ ಕರ್ಕಂಬತ್ತೀನಿ. ಬಾಣಂತನ ಅವ್ಳೇ ಮಾಡ್ಬೇಕು. ಅದನ್ನ ಬಿಟ್ಕೊಡಾಕಿಲ್ಲ."

ಹೆತ್ತ ತಾಯಿ ಬೀಗರ ಮನೆಗೆ ಬಂದು ನಿಂತು ಬಾಣಂತನ ಮಾಡಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಬೈರಮ್ಮ ಯೋಚಿಸಿದಳು. "ಜನ ನಗ್ತಾರೆ" ಎಂದಳು.

"ನಗ್ಲಿ."

"ನೀರು ನಾನು ಹುಯ್ತೀನಿ. ಮದ್ದು ಅವ್ರು ಅರೀಲಿ. ಇಬ್ರಿಗೂ ಜಗಳ ಆದ್ರೆ ನೀವು ಬಾಯಿ ಹಾಕಂಗಿಲ್ಲ."

"ಹಾಕಾಕಿಲ್ಲ."

ಮಡಿಲಕ್ಕಿಯನ್ನು ಬೈರಮ್ಮನ ಕೈಗೆ ಕೊಟ್ಟು, ವೆಂಕಟರಮಣಪ್ಪ ದೊಡ್ಡ ರಸ್ತೆಗೆ ನಡೆದು, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು ಹತ್ತಿದ. ಹೊಸೂರಿನಲ್ಲಿ ತಂಗಿ, ಮರುದಿನ ನಸುಕಿನಲ್ಲೇ ಹೊರಟು, ಯಾರದೋ ಎತ್ತಿನ ಗಾಡಿಯಲ್ಲಿ ಅಷ್ಟು ದೂರ, ಕಾಲುನಡಿಗೆಯಲ್ಲಿ ಇಷ್ಟು ದೂರ ಬಂದು ಊರು ಸೇರಿದಾಗ ಮಧ್ಯಾಹ್ನವಾಗಿತ್ತು. ಪಾಪಮ್ಮ ಬಾಗಿಲಿಗೆ ರಂಗೋಲಿ ಹಾಕಿ, ಆರತಿ ತಟ್ಟೆ ಸಿದ್ಧಮಾಡಿಕೊಂಡು ಕಾದಿದ್ದಳು. ಗಂಡ ಒಬ್ಬನೇ ಬಂದುದನ್ನು ಕಂಡು ಅವಳ ಮುಖ ಇಳಿಯಿತು. ಅವನು ನಡೆದದ್ದನ್ನೆಲ್ಲ ಹೇಳಿದ.

"ಬೀಗರ ಮನೇಲಿ ಹೋಗಿ ಕುಂತ್ಕಳಾ ನಾನು? ನಮ್ಮನೆ ಏನ್ ಪಾಪ ಮಾಡಿತ್ತು?" ಎಂದು ಅವಳು ಕೇಳಿದಳು.

"ಮನೆ ಏನೂ ಮಾಡಿಲ್ಲ. ದಾರಿ ದೂರ. ಅಷ್ಟೇಯ."

ಪಾಪಮ್ಮ ಆರತಿ ತಟ್ಟೆಯನ್ನು ಒಯ್ದು ದೇವರ ಮುಂದೆ ಇಟ್ಟಳು. ಆಮೇಲೆ ಅಡಿಗೆಮನೆಯಲ್ಲಿ ಡಬ್ಬಗಳ ಸದ್ದಾಯಿತು. ಓಮ, ಒಣಶುಂಠಿ, ಮೆಣಸು, ಬೆಳ್ಳುಳ್ಳಿ, ಹಿಪ್ಪಲಿ, ಹಳೆಯ ಬೆಲ್ಲ ಒಂದೊಂದಾಗಿ ಬಟ್ಟೆಯ ಗಂಟುಗಳಾದವು.

"ನಾಳೆ ಹೋಗನ. ಇವತ್ತು ನಡೆದು ಸಾಕಾಗೈತೆ" ಎಂದ ವೆಂಕಟರಮಣಪ್ಪ.

"ನಾಳೆ ಯಾಕೆ? ಇನ್ನೂ ಹೊತ್ತೈತೆ, ತಳಿ ಮುಟ್ಟಬೋದು" ಎಂದಳು ಪಾಪಮ್ಮ, ಮೂಟೆಯನ್ನು ತಲೆಯ ಮೇಲಿಟ್ಟುಕೊಳ್ಳುತ್ತ. "ಏಳಿ. ತಡ ಮಾಡಿದ್ರೆ ಮದ್ದೂ ಅವ್ಳೇ ಅರೀತಾಳೆ. ಬೈರಮ್ಮಂದು ಕೈ ಜೋರು, ಮೆಣಸು ಹೆಚ್ಚು ಹಾಕ್ಬುಡ್ತಾಳೆ."