ಬೇಕಂತಲೇ

ಮೇಷ್ಟ್ರ ಹೆಂಡತಿ ಮಂಚದ ಕೆಳಗೆ ಕೈ ಹಾಕಿ ಚಾರ್ಜರು ತಡಕುತ್ತಿದ್ದರು. ಹೊರಗಿನ ಕೋಣೆಯಲ್ಲಿ ಗಂಡನ ಹೆಣವಿತ್ತು, ಬಾಗಿಲಾಚೆ ಬಂದವರ ಚಪ್ಪಲಿಗಳ ರಾಶಿ.

"ಅತ್ತಿಗೆ, ಗಾಡಿ ಬರೋ ಹೊತ್ತಾಯ್ತು. ಅಣ್ಣನ ಫೋನು ಇನ್ಯಾರಿಗೆ ಬೇಕು?" ಎಂದ ಮೈದುನ.

"ಮಕ್ಕಳು ಮಾಡ್ತಾರಪ್ಪ."

"ಯಾವ ಮಕ್ಕಳು?" ಎಂದವನು ನಾಲಿಗೆ ಕಚ್ಚಿಕೊಂಡ. ಅವರಿಗೆ ಮಕ್ಕಳಾಗಿರಲಿಲ್ಲ.

ಕೊನೆಗೂ ಚಾರ್ಜರು ಸಿಕ್ಕಿತು. ಪ್ಲಗ್ಗು ಬಾಗಿಲ ಆ ಬದಿಗೆ. ಬಾಗಿಲಿಗೆ ಅಡ್ಡಲಾಗಿ ವೈರು ಎಳೆದು, ಫೋನನ್ನು ಮಡಿಲಲ್ಲಿಟ್ಟುಕೊಂಡು ಹೆಣದ ಪಕ್ಕ ಕೂತರು. ಮನೆ ತುಂಬ ಜನ, ಓಡಾಡಲು ಜಾಗವಿಲ್ಲ, ಅದರ ಮಧ್ಯೆ ಇದೊಂದು ವೈರು. ಆದರೆ ಆಕೆಗೆ ಹೇಳುವವರು ಯಾರು?

ಶಾಲೆಯ ಹೆಡ್‌ಮಿಸ್ಸು ವೈರು ದಾಟಿ ಬಂದು ಪಕ್ಕದಲ್ಲಿ ಕೂತರು.

"ಅಕ್ಕಾ, ಈ ಮಾತಿಗೆ ಇದು ಹೊತ್ತಲ್ಲ. ಮೇಷ್ಟ್ರು ಮಕ್ಕಳಿಗೆ ಕಳಿಸ್ತಿದ್ದ ವಿಡಿಯೋ ಪಾಠ... ಈಚಿನವನ್ನ ತೆಗೆಸಿಬಿಡೋಣ್ವಾ? ರಾಶಿ ತಪ್ಪಿವೆ. ಅವರಿಗೆ ಮರೆವು ಶುರುವಾಗಿತ್ತಾ?"

"ಇಲ್ಲ. ಬೇಕಂತಲೇ ಮಾಡಿದ್ದು."

ಹೆಡ್‌ಮಿಸ್ಸು ನಂಬಿದ ಹಾಗೆ ಕಾಣಲಿಲ್ಲ.

*

ಏಳೆಂಟ್ಲೆ ಐವತ್ನಾಲ್ಕು ಎಂದು ಬೋರ್ಡಿನ ಮೇಲೆ ಬರೆದು ಮೇಷ್ಟ್ರು ಏನೂ ಅರಿಯದವರಂತೆ ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದರು. ಹಿಂದಿನ ಬೆಂಚಿನಿಂದ ಯಾರೋ "ಸಾ, ತಪ್ಪು!" ಎಂದು ಕೂಗಿದರೆ ಮುಗಿಯಿತು, ಮುಖವೆಲ್ಲ ನಗು. "ಬೇಕಂತಲೇ ಮಾಡಿದ್ದು ಕಣೋ. ಶಹಭಾಷ್!"

"ನೀವೇ ತಪ್ಪು ಕಲಿಸಿದ್ರೆ ಮಕ್ಕಳ ಗತಿಯೇನು?" ಎಂದು ಆಗಿನ್ನೂ ಹೊಸ ಟೀಚರಾಗಿದ್ದ ಹೆಡ್‌ಮಿಸ್ಸು ರೇಗಿದ್ದರು.

"ಸರಿಯಾಗಿ ಬರೆದ್ರೆ ನೋಡ್ಕೊಂಡು ಬರ್ಕೋತಾರೆ, ಮೇಡಂ. ತಪ್ಪು ಬರೆದ್ರೆ ತಲೆ ಓಡಿಸ್ತಾರೆ."

ತಪ್ಪು ಮೇಷ್ಟ್ರು ಎಂಬ ಹೆಸರು ಬಿತ್ತು. ನಿವೃತ್ತರಾದ ಮೇಲೆ ಫೋನಿನಲ್ಲೇ ಪಾಠ. ಒಂದು ವಿಡಿಯೋಗೆ ಒಂದೇ ತಪ್ಪು, ಹುಡುಕಿದವರು ಫೋನು ಮಾಡಬೇಕು. ಸಂಜೆಯಾದರೆ ಸಾಕು, ಕಾಫಿ ಕುಡಿಯಲೂ ಬಿಡುತ್ತಿರಲಿಲ್ಲ ಆ ಪಿಳ್ಳೆಗಳು.

*

"ಸರ್, ಈ ಸಲ ಮೂರು ತಪ್ಪು ಹಾಕಿದೀರಾ! ಮೂರೂ ಹಿಡಿದೆ!"

ಶಹಭಾಷ್ ಹೇಳಿ ಫೋನಿಟ್ಟ ಮೇಷ್ಟ್ರು ಹೆಂಡತಿಯ ಮುಖ ನೋಡಿದರು. "ಅದರಲ್ಲಿ ಎರಡು ನಾನು ಹಾಕಿದ್ದಲ್ಲ ಕಣೇ."

ಆಮೇಲಾಮೇಲೆ ತಪ್ಪುಗಳು ಹೆಚ್ಚಿದವು. "ಮಕ್ಕಳಿಗೆ ಗೊತ್ತಾಗೋದು ಬೇಡ. ಅಯ್ಯೋ ಪಾಪ ಅಂತ ಸುಮ್ಮನಾಗಿಬಿಡ್ತಾರೆ," ಎಂದು ಆಕೆಯ ಕೈ ಹಿಡಿದುಕೊಂಡಿದ್ದರು.

ನಿನ್ನೆಯ ಪಾಠಕ್ಕೆ ಆಕೆ ಉತ್ತರಗಳನ್ನೆಲ್ಲ ರಟ್ಟಿನ ಮೇಲೆ ದಪ್ಪಗೆ ಬರೆದು ಫೋನಿನ ಹಿಂದೆ ಹಿಡಿದು ನಿಂತರು. ಲೆಕ್ಕ ಒಂದೂ ತಪ್ಪಲಿಲ್ಲ. ಬೇಕಂತಲೇ ಹಾಕಬೇಕಾದ ಒಂದನ್ನೂ ಹಾಕದೆ ಮೇಷ್ಟ್ರು ಪಾಠ ಮುಗಿಸಿದರು. ಕಳಿಸಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ.

*

ತಪ್ಪೇ ಇಲ್ಲದ ಪಾಠಕ್ಕೆ ಯಾವ ಮಗು ಫೋನು ಮಾಡೀತು? ನಾನೇ ಕೆಡಿಸಿದೆ ಎಂದುಕೊಳ್ಳುತ್ತ ಆಕೆ ಮಡಿಲ ಫೋನನ್ನು ಮತ್ತೊಮ್ಮೆ ನೋಡಿದರು. ಗಾಡಿ ಬಂತು. ನಾಲ್ಕು ಜನ ಹೆಣದ ಬಳಿ ಬಗ್ಗಿದರು.

ಫೋನು ಹೊಡೆದುಕೊಂಡಿತು.

"ಸರ್! ಸಿಕ್ತು!" ಹುಡುಗಿಯೊಬ್ಬಳ ದನಿ ಕೋಣೆಗೆಲ್ಲ ಕೇಳಿತು.

"ಏನಮ್ಮ ಸಿಕ್ತು?"

"ಅಜ್ಜೀನಾ? ಲೆಕ್ಕ ಎಲ್ಲಾ ಸರಿ ಇತ್ತು ಅಜ್ಜಿ, ಎಷ್ಟು ಸಲ ನೋಡಿದೆ ಗೊತ್ತಾ! ಕೊನೇಲಿ ಸರ್ 'ನಾಳೆ ಸಿಗೋಣ' ಅಂದ್ರು. ಇವತ್ತು ಭಾನುವಾರ, ಪಾಠಾನೇ ಇಲ್ವಲ್ಲ! ಅದೇ ತಾನೆ ತಪ್ಪು?"

ಆಕೆ ಗಂಡನ ಮುಖ ನೋಡಿದರು.

"ಸರ್ ಎಲ್ಲಿ? ಶಹಭಾಷ್ ಅನ್ನಬೇಕು ಅವರು."

ಹೆಡ್‌ಮಿಸ್ಸು ಫೋನಿನ ಮೇಲೆ ಬಾಗಿದರು. ಕಣ್ಣು ತುಂಬಿದ್ದರೂ ದನಿ ಮಾತ್ರ ತರಗತಿಯದೇ.

"ಶಹಭಾಷ್ ಪುಟ್ಟಿ! ಅದೇ ತಪ್ಪು. ಸರ್ ಬೇಕಂತಲೇ ಹಾಗಂದಿದ್ದು."

ಮೇಷ್ಟ್ರನ್ನು ಎತ್ತಿದರು. "ವೈರು, ವೈರು! ಕಿತ್ತುಹಾಕ್ರಪ್ಪ," ಎಂದ ಮೈದುನ. ಆಕೆ ಎದ್ದು ಬಾಗಿಲಿಗೆ ಹೋದರು. ವೈರನ್ನು ಕೀಳಲಿಲ್ಲ. ಹೆಗಲು ಕೊಟ್ಟವರ ಕಾಲಿಗೆ ತೊಡರದಂತೆ ನೆಲಕ್ಕೆ ಒತ್ತಿ ಹಿಡಿದು, ಎಲ್ಲರೂ ದಾಟಿ ಹೋಗುವವರೆಗೂ ಹಾಗೇ ಕೂತಿದ್ದರು.