ಬಸವಕುಮಾರನ ಎಂಡಾರ್ಫಿನ್

ನನ್ನ ತಂಗಿ ಶಿಲ್ಪಾಳ ಗಂಡ ಬಸವಕುಮಾರ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಮೂರು ಹೊತ್ತೂ ಮೊಬೈಲ್ ನೋಡಿ ನೋಡಿ ಈಗ ಡಾಕ್ಟರೂ ಆಗಿಬಿಟ್ಟಿದ್ದಾನೆ, ಅವನ ಬಾಯಿಗಿಷ್ಟು ಮಣ್ಣು ಹಾಕ.

ಶಿಲ್ಪಾಳಿಗೆ ಎರಡು ವರ್ಷದಿಂದ ಖಿನ್ನತೆ. ಡಾಕ್ಟರು ಮಾತ್ರೆ ಬರೆದು, ಜೊತೆಗೆ ದಿನಾ ನಡೆಯಲಿ, ನಡೆದರೆ ಮೈಯಲ್ಲಿ ಎಂಡಾರ್ಫಿನ್ ಎನ್ನುವ ರಾಸಾಯನಿಕ ಹುಟ್ಟಿ ಮನಸ್ಸು ಸ್ವಲ್ಪ ಹಗುರಾಗುತ್ತದೆ ಎಂದಿದ್ದರು. ಈ ಮಹಾರಾಯ ಆ 'ಜೊತೆಗೆ'ಯನ್ನು ಅಲ್ಲೇ ಬಿಟ್ಟುಬಂದ. ಮೈಯೇ ಔಷಧಿ ಮಾಡಿಕೊಳ್ಳುವಾಗ ಅಂಗಡಿ ಮಾತ್ರೆ ಯಾಕೆ ಅಂತ ಅದನ್ನು ನಿಲ್ಲಿಸಿ, ಬೆಳಿಗ್ಗೆ ಐದಕ್ಕೇ ಅವಳನ್ನು ಎಬ್ಬಿಸಿ ವಾಕಿಂಗಿಗೆ ಅಟ್ಟತೊಡಗಿದ.

ಎರಡು ವಾರಕ್ಕೆ ಅವಳ ಅಳು ನಿಂತಿತು. ಅಟ್ಟದ ಮೇಲಿನ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಹೋಗಿದ್ದರೆ ಕೊಬ್ಬರಿಯಾಗಿದೆ ಅಂತ ಇಳಿಸುವ ಮನೆತನ ಅವನದು. ಹೆಂಡತಿಯನ್ನೂ ಹಾಗೇ ನೋಡಿದ. ಸದ್ದಿಲ್ಲ, ಅಂದರೆ ವಾಸಿಯಾಯಿತು. ಉಳಿದ ಮಾತ್ರೆಗಳನ್ನು ಕಸಕ್ಕೆ ಹಾಕಿದ. ಅವಳೋ, ಅಳುವುದಕ್ಕೂ ಶಕ್ತಿಯಿಲ್ಲದಷ್ಟು ಕುಸಿದಿದ್ದಳು.

ಮೊನ್ನೆ ವಾಕಿಂಗಿಗೆ ಹೋದವಳು ಮನೆಗೆ ಹಿಂತಿರುಗಲಿಲ್ಲ. ಹತ್ತು ಗಂಟೆಗೆ ಬಾಣಾವರದಲ್ಲಿ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಪಾದವೆಲ್ಲ ರಕ್ತ.

"ಹಳಿ ಮೇಲೇ ಬಂದೆ ಕಣಕ್ಕ. ರೈಲು ಬಂದಾಗ ನಿನ್ನ ನೆನಪಾಯ್ತು, ಪಕ್ಕಕ್ಕೆ ಸರಿದೆ," ಅಂದಳು.

ಮಧ್ಯಾಹ್ನ ಕಾರಿನಲ್ಲಿ ಬಂದ ಬಸವಕುಮಾರ, ಇಷ್ಟು ದೂರ ನಡೆದಿದ್ದಾಳೆ ಅಂದರೆ ಎಂಡಾರ್ಫಿನ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

"ಸಾಯೋಕೆ ಹೊಂಟಿದ್ಲು ಕಣ್ರೀ ಅವ್ಳು. ಕಾಯಿ ಅಲ್ಲಾಡ್ಸೋ ಬುದ್ಧೀನ ನಿಮ್ಮ ಕೊಬ್ಬರಿ ಮಂಡೀಲಿ ಇಟ್ಕೊಳ್ಳಿ," ಅಂದೆ. ಬೀದಿಯವರೆಲ್ಲ ಕೇಳಲಿ ಅಂತಲೇ ಜೋರಾಗಿ ಅಂದೆ.

ಅದೇ ಕಾರಿನಲ್ಲಿ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವನನ್ನು ಬೈದೆ. ನಡೆಯುವುದು ಒಳ್ಳೆಯದೇ, ಆದರೆ ಇವಳ ಕಾಯಿಲೆಗೆ ಅದೊಂದೇ ಸಾಲದು, ಮಾತ್ರೆಯನ್ನು ಹೀಗೆ ದಿಢೀರನೆ ನಿಲ್ಲಿಸಲೇಬಾರದು ಎಂದು ಡಾಕ್ಟರು ಹೇಳುವಾಗ ಅವನನ್ನೇ ದುರುಗುಟ್ಟಿ ನೋಡಿದೆ. ಆಮೇಲೆ ಅವರು ಶಿಲ್ಪಾಳನ್ನು ಕೇಳಿದರು, ಮಾತ್ರೆ ನಿಂತಿದ್ದನ್ನು ಯಾರಿಗೂ ಹೇಳಲಿಲ್ಲವಾ ಅಂತ.

ಅವಳು ತಲೆ ಎತ್ತಲಿಲ್ಲ. "ಭಯ ಆಗಿ ಅಕ್ಕಂಗೆ ಫೋನ್ ಮಾಡಿದ್ದೆ. ಒಳ್ಳೇದೇ ಆಯ್ತು ಬಿಡು, ಎಷ್ಟು ದಿನ ಅಂತ ಮಾತ್ರೆ ನುಂಗ್ತೀಯ ಅಂದ್ಲು."

ಹೌದು, ಅಂದಿದ್ದೆ. ಒಲೆಯ ಮೇಲೆ ಹಾಲಿತ್ತು, ಫೋನ್ ಇಡುವ ಅವಸರದಲ್ಲಿದ್ದೆ. ಬಸವಕುಮಾರ ನನ್ನ ಕಡೆ ತಿರುಗಿದ, ಏನೂ ಅನ್ನಲಿಲ್ಲ. ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.